ವಿಧವೆಯ ಹೆಸರು ಹೊತ್ತ ಗಂಡು ಹಕ್ಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸಹಾರಾ ಮರುಭೂಮಿಯಿಂದ ದಕ್ಷಿಣಕ್ಕೆ ಹಬ್ಬಿರುವ ಆಫ್ರಿಕದ ಹುಲ್ಲುಗಾವಲುಗಳಲ್ಲಿ, ಮಳೆ ಬಿದ್ದು ಹುಲ್ಲು ತೆನೆಗಟ್ಟುವ ಕಾಲಕ್ಕೆ, ಗುಬ್ಬಿಗಿಂತ ಚಿಕ್ಕದಾದ ಹಕ್ಕಿಯೊಂದು ತನ್ನ ಮೈಯನ್ನೂ ಮೀರಿದ ಬಾಲವನ್ನು ಹೊತ್ತು ಹಾರುತ್ತದೆ. ಇದು ಪಿನ್‌ಟೇಲ್ಡ್ ವಿಡಾ. ಕೆಂಪು ಕೊಕ್ಕು, ಕಪ್ಪು ಬಿಳುಪಿನ ಗರಿ, 12-13 ಸೆಂ.ಮೀ. ದೇಹ, ಅದರ ಹಿಂದೆ ಸುಮಾರು 20 ಸೆಂ.ಮೀ. ಉದ್ದಕ್ಕೆ ಇಳಿಬಿದ್ದ ನಾಲ್ಕು ಕರಿಯ ಗರಿಗಳು.

ಆ ಕರಿಯ ಬಾಲದಲ್ಲಿ ಯುರೋಪಿನವರಿಗೆ ಕಂಡದ್ದು ಶೋಕದ ಉಡುಪು. ಪೋರ್ಚುಗೀಸರು ಇದನ್ನು ‘ವಿಯೂವಾ’, ಅಂದರೆ ವಿಧವೆ, ಎಂದು ಕರೆದರು. 1816ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕ್ಯುವಿಯೇ ಈ ಕುಲಕ್ಕೆ ಇಟ್ಟ ‘ವಿಡುವಾ’ ಎಂಬ ಲ್ಯಾಟಿನ್ ಹೆಸರಿಗೂ ಅದೇ ಅರ್ಥ; ನಾವು ಸಂಸ್ಕೃತದಿಂದ ಪಡೆದ ‘ವಿಧವೆ’ಯೂ ಅದೂ ಒಂದೇ ಮೂಲದ ಮಾತುಗಳು. ಇಂಗ್ಲಿಷಿನಲ್ಲಿ ಈ ಹೆಸರಿನ ಜೊತೆ ಒಂದು ಊರೂ ತಳಕು ಹಾಕಿಕೊಂಡಿತು. ಇಂದಿನ ಬೆನಿನ್ ದೇಶದ ಕರಾವಳಿಯಲ್ಲಿರುವ ವೀಡಾ, ಗುಲಾಮರ ವ್ಯಾಪಾರಕ್ಕೆ ಕುಖ್ಯಾತವಾಗಿದ್ದ ಬಂದರು. ವಿಧವೆಯ ಹಕ್ಕಿ ಎಂಬ ಹೆಸರು ಆ ಊರಿನ ಹೆಸರಿನತ್ತ ಜಾರಿ ‘ವಿಡಾ’ ಆಯಿತೆಂದು ನಿಘಂಟುಕಾರರು ಹೇಳುತ್ತಾರೆ.

ಹೆಸರು ಇಟ್ಟವರು ಹಕ್ಕಿಯ ನಡತೆಯನ್ನು ನೋಡಿದಂತೆ ಕಾಣುವುದಿಲ್ಲ. ಆ ಬಾಲವನ್ನು ತೊಡುವುದು ಗಂಡು, ಅದೂ ಕೂಡುವ ಕಾಲದಲ್ಲಿ ಮಾತ್ರ. ತನ್ನದೆಂದು ಗುರುತಿಸಿಕೊಂಡ ಜಾಗದಿಂದ ಅದು ಬೇರೆ ಗಂಡುಗಳನ್ನು ಓಡಿಸುತ್ತದೆ, ಹೆಣ್ಣಿನ ತಲೆಯ ಮೇಲೆ ಗಾಳಿಯಲ್ಲಿ ಕುಪ್ಪಳಿಸುತ್ತ ಬಾಲವನ್ನು ಆಡಿಸುತ್ತದೆ, ಹಲವು ಹೆಣ್ಣುಗಳೊಡನೆ ಕೂಡುತ್ತದೆ. ಋತು ಮುಗಿದ ಮೇಲೆ ಬಾಲ ಉದುರಿ, ಹೆಣ್ಣಿನಂತೆಯೇ ಕಂದು ಗೆರೆಗಳ ಸಾದಾ ಹಕ್ಕಿಯಾಗಿ ನೆಲದ ಹುಲ್ಲುಬೀಜಗಳನ್ನು ಹೆಕ್ಕುತ್ತಿರುತ್ತದೆ. ಎರಡೂ ಕಾಲುಗಳಿಂದ ಒಮ್ಮೆಲೇ ಹಿಂದಕ್ಕೆ ಮಣ್ಣು ಕೆದರಿ, ಬೀಜ ಹೊರಬಂದ ಕೂಡಲೇ ತಿನ್ನುವುದು ಇದರ ರೂಢಿ.

ಇದಕ್ಕಿಂತಲೂ ವಿಚಿತ್ರವಾದದ್ದು ಸಂಸಾರದ ವಿಷಯ. ನಮ್ಮ ಕೋಗಿಲೆ ಕಾಗೆಯನ್ನು ನೆಚ್ಚಿದಂತೆ, ಹೆಣ್ಣು ವಿಡಾ ಸಾಮಾನ್ಯ ವ್ಯಾಕ್ಸ್‌ಬಿಲ್ ಎಂಬ ಪುಟ್ಟ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಯುರೋಪಿನ ಕುಕ್ಕೂ ಮರಿ ಸಾಕುವವರ ಮರಿಗಳನ್ನು ಗೂಡಿನಿಂದ ಹೊರದಬ್ಬುವುದುಂಟು. ವಿಡಾ ಮರಿ ಅವುಗಳ ಪಕ್ಕದಲ್ಲೇ ಬೆಳೆಯುತ್ತದೆ. ಹಾಗೆ ಬೆಳೆಯಬೇಕಾದರೆ ತಾಯಿಹಕ್ಕಿಯ ಕಣ್ಣಿಗೆ ಅದೂ ಒಂದು ಮರಿಯೆನಿಸಬೇಕಷ್ಟೆ. ವ್ಯಾಕ್ಸ್‌ಬಿಲ್ ಮರಿ ಬಾಯಿ ತೆರೆದಾಗ ಅಂಗುಳಿನಲ್ಲಿ ಕಪ್ಪು ಚುಕ್ಕೆಗಳೂ ಬಾಯಂಚಿನಲ್ಲಿ ಎದ್ದು ತೋರುವ ಉಬ್ಬುಗಳೂ ಕಾಣುತ್ತವೆ. ವಿಡಾ ಮರಿಯ ಬಾಯಲ್ಲೂ ಹೆಚ್ಚುಕಡಿಮೆ ಅದೇ ಚಿತ್ತಾರ. ಜಾಂಬಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂಥ ಮರಿಗಳು ಆಹಾರ ಬೇಡುವ ದನಿಯಲ್ಲೂ ತಲೆಯಾಡಿಸುವ ರೀತಿಯಲ್ಲೂ ಸಾಕುಮನೆಯ ಮರಿಗಳನ್ನು ಹೋಲುತ್ತವೆಂದು ತೋರಿಸಿತು.

ಇದೇ ಕುಲದ ಪ್ಯಾರಡೈಸ್ ವಿಡಾ ಗಂಡು, ತನ್ನನ್ನು ಸಾಕಿದ ಮೆಲ್ಬಾ ಫಿಂಚಿನ ಹಾಡನ್ನೇ ಕಲಿತು ಹಾಡುತ್ತದೆ. ಅದೇ ಜಾತಿಯ ಗೂಡಿನಲ್ಲಿ ಬೆಳೆದ ಹೆಣ್ಣು ಆ ಹಾಡಿಗೆ ಒಲಿಯುತ್ತದೆ. ‘ವಿಡೋಬರ್ಡ್’, ಅಂದರೆ ವಿಧವೆಯ ಹಕ್ಕಿ, ಎಂಬ ಇಂಗ್ಲಿಷ್ ಹೆಸರು ಇಂದು ಸಲ್ಲುವುದು ನಮ್ಮ ಗೀಜಗದ ಬಳಗಕ್ಕೆ ಸೇರಿದ ಮತ್ತೊಂದು ಗುಂಪಿಗೆ. ಅದರಲ್ಲೊಂದರ ಗಂಡಿಗೆ ಅರ್ಧ ಮೀಟರಿನಷ್ಟು ಬಾಲ. ಸ್ವೀಡನ್ನಿನ ಜೀವವಿಜ್ಞಾನಿ ಮಾಲ್ಟೆ ಆ್ಯಂಡರ್‌ಸನ್ ಕೆನ್ಯಾದಲ್ಲಿ ಕೆಲವು ಗಂಡುಗಳ ಬಾಲ ಕತ್ತರಿಸಿ, ಆ ಗರಿಗಳನ್ನು ಬೇರೆಯವಕ್ಕೆ ಅಂಟಿಸಿ ನೋಡಿದಾಗ, ಬಾಲ ಉದ್ದವಾದವುಗಳ ಜಾಗದಲ್ಲಿ ಹೆಚ್ಚು ಹೆಣ್ಣುಗಳು ಗೂಡು ಕಟ್ಟಿದವು. ಆ ಫಲಿತಾಂಶ 1982ರಲ್ಲಿ ಪ್ರಕಟವಾಯಿತು.

ಪಂಜರದ ಹಕ್ಕಿಗಳ ವ್ಯಾಪಾರದಿಂದಾಗಿ ಪಿನ್‌ಟೇಲ್ಡ್ ವಿಡಾ ಈಗ ಪೋರ್ಟೊ ರಿಕೊದಲ್ಲೂ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲೂ ನೆಲೆಸಿದೆ. ಕ್ಯಾಲಿಫೋರ್ನಿಯಾದಲ್ಲಿ ಅದು ಗೂಡಿಗಾಗಿ ಆಶ್ರಯಿಸಿರುವುದು ತನ್ನಂತೆಯೇ ಪಂಜರದಿಂದ ತಪ್ಪಿಸಿಕೊಂಡು ಅಲ್ಲಿ ಹರಡಿರುವ, ಕರ್ನಾಟಕದ ಗದ್ದೆಬಯಲುಗಳಲ್ಲಿ ನಾವು ಹಿಂಡುಹಿಂಡಾಗಿ ಕಾಣುವ ಚುಕ್ಕೆ ರಾಟವಾಳವನ್ನು.