12 ಸೆಕೆಂಡಿನ ಹಸಿರು ದೀಪ

ಕ್ಯಾಮೆರಾ ಸ್ವಲ್ಪ ಅಲುಗಾಡುತ್ತಿದೆ, ಸಹಿಸಿಕೊಳ್ಳಿ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ರಟ್ಟು, ಕುತ್ತಿಗೆಯಲ್ಲಿ ಸ್ಟಾಪ್‌ವಾಚ್. ಬೆಳಿಗ್ಗೆ 8 ಗಂಟೆ. ಸಿಗ್ನಲ್ ಕಂಬದ ಪಕ್ಕ ನಿಂತು ರಸ್ತೆ ದಾಟುವವರನ್ನು ಎಣಿಸುವುದು ಇವತ್ತಿನ ಕೆಲಸ. ನಾಲ್ಕು ಗೆರೆ ಉದ್ದಕ್ಕೆ, ಐದನೆಯದು ಅಡ್ಡಕ್ಕೆ. ಪ್ರತಿ 15 ನಿಮಿಷಕ್ಕೆ ಹೊಸ ಸಾಲು. ಇದಕ್ಕಾ ನಿನ್ನನ್ನ ಯೂನಿವರ್ಸಿಟಿಗೆ ಸೇರಿಸಿದ್ದು ಅಂತ ಅಮ್ಮ ಕೇಳಿದರು. ಮೊದಲ ದಿನ ನನಗೂ ಹಾಗೇ ಅನ್ನಿಸಿತ್ತು.

ಈ ಸೆಮಿಸ್ಟರ್ ನಮಗೆ ಕಾಲ್ಪನಿಕ ಊರಿನ ಅಸೈನ್‌ಮೆಂಟ್ ಇಲ್ಲ. ನಮ್ಮ ನಗರ ಯೋಜನೆ ವಿಭಾಗ ಮತ್ತು ನಗರಸಭೆ ಸೇರಿ ಒಂದು ಒಪ್ಪಂದ ಮಾಡಿಕೊಂಡಿವೆ. ಒಂದು ಬಡಾವಣೆಯಲ್ಲಿ ಜನ ನಡೆದಾಡುವುದನ್ನು ಸುಲಭ ಮಾಡಬೇಕು. ಅದಕ್ಕೆ ಏನು ಮಾಡಬಹುದು ಅಂತ ನಾವು ಹೇಳಬೇಕು. ಕೇಳುವುದಕ್ಕೆ ಪ್ರೊಫೆಸರ್ ಒಬ್ಬರೇ ಅಲ್ಲ, ನಗರಸಭೆಯ ಎಂಜಿನಿಯರ್ ಕೂಡ ಕೂತಿರುತ್ತಾರೆ.

ಈ ಥರದ ಕೆಲಸಕ್ಕೆ ಒಂದು ಒಳ್ಳೆಯ ಮಾದರಿ ಹುಟ್ಟಿದ್ದು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ, 2009ರಲ್ಲಿ. ಇಬ್ಬರು ಪ್ರಾಧ್ಯಾಪಕರು, ಮಾರ್ಕ್ ಶ್ಲಾಸ್‌ಬರ್ಗ್ ಮತ್ತು ನಿಕೊ ಲಾರ್ಕೊ, ಇದರ ಹಿಂದೆ ಇದ್ದರು. ಯೋಚನೆ ಸರಳ. ಒಂದು ವರ್ಷಕ್ಕೆ ಒಂದೇ ಊರು. ನಗರ ಯೋಜನೆ ಓದುವವರು, ಆರ್ಕಿಟೆಕ್ಚರ್ ಓದುವವರು, ಕಾನೂನು ಓದುವವರು, ಎಲ್ಲರ ಕ್ಲಾಸೂ ಅದೇ ಊರಿನ ಸಮಸ್ಯೆ ಮೇಲೆ. ಮೊದಲ ವರ್ಷ ಒರೆಗಾನ್‌ನದೇ ಗ್ರೆಶಮ್, ಮರುವರ್ಷ ಅಲ್ಲಿನದೇ ಸೇಲಂ. ನನಗೆ ಇಷ್ಟವಾದ ವಿಷಯ ಬೇರೆ: ಊರಿನ ಆಡಳಿತ ಇದಕ್ಕೆ ದುಡ್ಡು ಕೊಡುತ್ತದೆ. ಪುಕ್ಕಟೆ ಸಿಕ್ಕ ರಿಪೋರ್ಟ್ ಬೀರು ಸೇರುತ್ತದೆ. ದುಡ್ಡು ಕೊಟ್ಟ ರಿಪೋರ್ಟನ್ನು ಯಾರಾದರೂ ಒಬ್ಬರು ತೆರೆದು ನೋಡುತ್ತಾರೆ ಅಲ್ವಾ?

ಸರಿ, ಈ ಕ್ಲಿಪ್ ನೋಡಿ. ರಸ್ತೆಯ ಅಗಲ 14 ಮೀಟರ್, ಟೇಪ್ ಹಿಡಿದು ನಾವೇ ಅಳೆದದ್ದು. ನಡೆಯುವವರಿಗೆ ಸಿಗುವ ಸಮಯ 12 ಸೆಕೆಂಡ್. ಲೆಕ್ಕ ತಪ್ಪಿಲ್ಲ. ಮನುಷ್ಯ ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾನೆ ಅಂತ ಇಟ್ಟುಕೊಂಡೇ ಎಷ್ಟೋ ಕಡೆ ಸಿಗ್ನಲ್ ಲೆಕ್ಕ ಹಾಕಿದ್ದಾರೆ. ಈಗ ಆ ಅಜ್ಜಿಯನ್ನು ನೋಡಿ, ಎಡಗೈಯಲ್ಲಿ ಚೀಲ. ಹಸಿರು ಬಿದ್ದ ತಕ್ಷಣ ಇಳಿದರು. ನಡುರಸ್ತೆ ದಾಟುವಾಗಲೇ ದೀಪ ಮಿನುಗತೊಡಗಿತು. ಆ ಬದಿ ಮುಟ್ಟುವಾಗ ನನ್ನ ಸ್ಟಾಪ್‌ವಾಚ್‌ನಲ್ಲಿ 19 ಸೆಕೆಂಡ್. ಕೊನೆಯ 7 ಸೆಕೆಂಡ್ ಅವರು ಹಾರ್ನ್ ಕೇಳಿಸಿಕೊಂಡೇ ನಡೆದರು.

ಇದು ಯಾವ ನಕ್ಷೆಯಲ್ಲೂ ಇಲ್ಲ. ಕಚೇರಿಯವರಿಗೆ ಗೊತ್ತಿಲ್ಲ ಅಂತಲ್ಲ, ಬೆಳಿಗ್ಗೆ ಎರಡು ತಾಸು ಒಂದು ಕಂಬದ ಪಕ್ಕ ನಿಲ್ಲುವಷ್ಟು ಬಿಡುವು ಅವರಿಗಿಲ್ಲ. ನಮ್ಮ ಹತ್ತಿರ ಇರುವುದು ಅದೊಂದೇ. ಜಾಣತನ ಅಲ್ಲ, ಟೈಮು.

ಜಾಣತನದ ಕಥೆಯನ್ನೂ ಹೇಳಿಬಿಡುತ್ತೇನೆ. ಮೂಲೆಯಲ್ಲಿದ್ದ ಖಾಲಿ ಜಾಗಕ್ಕೆ ನಾವು ಒಂದು ಭರ್ಜರಿ ಡ್ರಾಯಿಂಗ್ ಮಾಡಿದ್ದೆವು. ಎಂಟು ಮರ, ಕಲ್ಲುಬೆಂಚು, ಬೆಂಚಿನ ಮೇಲೆ ನಗುತ್ತಿರುವ ಜನ. ಎರಡು ರಾತ್ರಿ ನಿದ್ದೆ ಇಲ್ಲ. ಎಂಜಿನಿಯರ್ ಕನ್ನಡಕ ಹಾಕಿಕೊಂಡು ಒಂದು ನಿಮಿಷ ನೋಡಿದರು. ಆಮೇಲೆ ಪೆನ್ಸಿಲ್ ತೆಗೆದು ಮರಗಳ ಸಾಲಿನ ಮೇಲೇ ಒಂದು ಗೆರೆ ಎಳೆದರು. "ಒಳಚರಂಡಿ ಪೈಪ್ ಇಲ್ಲಿಂದ ಹೋಗುತ್ತೆ ಮರಿ. ಬೇರು ಅದರೊಳಗೆ ನುಗ್ಗಿದರೆ ಯಾರು ಅಗೀತಾರೆ?" ನಾವು ಮೇಲಿದ್ದದ್ದನ್ನೆಲ್ಲ ಅಳೆದಿದ್ದೆವು, ನೆಲದ ಕೆಳಗೆ ಏನಿದೆ ಅಂತ ಒಬ್ಬರೂ ಕೇಳಿರಲಿಲ್ಲ.

ಜನರ ಸಭೆಯಲ್ಲೂ ಎಡವಿದೆವು. ಸಂಜೆ 6ಕ್ಕೆ ಕರೆದೆವು, ಗೋಡೆಗೆ ನಕ್ಷೆ ಅಂಟಿಸಿದೆವು, ಬಣ್ಣಬಣ್ಣದ ಚೀಟಿ ಇಟ್ಟೆವು. ಬಂದವರು ಹದಿನಾಲ್ಕು ಜನ, ಹೆಚ್ಚಿನವರು ಸ್ವಂತ ಮನೆ ಇರುವವರು, ಕೇಳಿದ್ದೆಲ್ಲ ಪಾರ್ಕಿಂಗ್ ಬಗ್ಗೆ. ನಡೆದು ಹೋಗುವವರು ಆ ಹೊತ್ತಿಗೆ ಇನ್ನೂ ಬಸ್‌ನಲ್ಲಿದ್ದರು. ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ ಅನ್ನುವವರು 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿ ಅಂತ ಬರೆದಿದ್ದರು. ಅದರಲ್ಲಿ ಸುಮ್ನೆ ಅಭಿಪ್ರಾಯ ಕೇಳುವುದು ನಾಲ್ಕನೇ ಮೆಟ್ಟಿಲು ಅಷ್ಟೇ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ನಮ್ಮ ಸಭೆ ಆ ನಾಲ್ಕನ್ನೂ ಹತ್ತಿತ್ತು ಅಂತ ಹೇಳಲಾರೆ. ಮರುವಾರ ನಕ್ಷೆಯನ್ನು ಬಸ್ ಸ್ಟಾಪ್‌ಗೇ ಹೊತ್ತುಕೊಂಡು ಹೋದೆವು. ಮೊದಲ ಅರ್ಧ ಗಂಟೆಯಲ್ಲೇ ಒಬ್ಬರು ನಕ್ಷೆಯ ಮೇಲೆ ಬೆರಳಿಟ್ಟು, "ಇಲ್ಲಿ ಬೀದಿದೀಪ ಇಲ್ಲ, ಅದಕ್ಕೇ ನಾವು ಸುತ್ತಿಕೊಂಡು ಹೋಗೋದು" ಅಂದರು.

ಇನ್ನು ಸೆಮಿಸ್ಟರ್. ಹದಿನಾರು ವಾರ. ಜನ ನಮ್ಮ ಮುಖ ಗುರುತು ಹಿಡಿಯುವಷ್ಟರಲ್ಲಿ ಪರೀಕ್ಷೆ ಬರುತ್ತದೆ, ನಾವು ಮಾಯ. ಆಡಳಿತದ ಗಡಿಯಾರ ಬೇರೆ: ಬಜೆಟ್ಟು, ಟೆಂಡರು, ಮಂಜೂರಾತಿ. ಅದೇ ಜಾಗದ ಬಗ್ಗೆ ಹಿಂದೆಯೂ ಒಂದು ಬ್ಯಾಚ್ ಬಂದು ಇದೇ ಪ್ರಶ್ನೆ ಕೇಳಿತ್ತು ಅಂತ ಅಂಗಡಿಯವರೊಬ್ಬರು ಹೇಳಿದರು. "ಅವರ ಪೇಪರ್ ಏನಾಯ್ತು?" ಅಂತ ನನ್ನನ್ನೇ ಕೇಳಿದರು. ಏನು ಹೇಳಲಿ? ಕಚೇರಿಯಲ್ಲಿ ಹುಡುಕಿಸಿದೆ, ಸಿಗಲಿಲ್ಲ. ಅಂಥ ಪೇಪರ್ ಇತ್ತು ಅನ್ನುವುದೇ ಯಾರಿಗೂ ನೆನಪಿಲ್ಲ.

ಹಾಗಾಗಿ ಕೊನೆಯ ಎರಡು ವಾರ ಹೊಸ ಡ್ರಾಯಿಂಗ್ ಬಿಟ್ಟೆವು. ಎಣಿಕೆಯನ್ನೆಲ್ಲ ಒಂದೇ ಎಕ್ಸೆಲ್ ಶೀಟಿಗೆ ಹಾಕಿದೆವು: ದಿನ, ಹೊತ್ತು, ಎಲ್ಲಿ ನಿಂತು ಎಣಿಸಿದ್ದು. ತೊಂಬತ್ತು ಪುಟದ ರಿಪೋರ್ಟ್ ಕೊಟ್ಟಾಗ ಎಂಜಿನಿಯರ್ ಹಾಳೆ ತಿರುವಿ ಮೇಜಿನ ಮೇಲಿಟ್ಟರು. "ಆ 12 ಸೆಕೆಂಡಿನ ಶೀಟ್ ಇದೆಯಲ್ಲ, ಅದನ್ನ ನನಗೆ ಮೇಲ್ ಮಾಡಿ" ಅಂದರು.

ಈಗ ತೋರಿಸುತ್ತಿರುವುದು ಹೊಸ ಬ್ಯಾಚ್. ರಟ್ಟು ಅವರಿಗೆ ಕೊಟ್ಟಿದ್ದೇನೆ, ಹಿಂಬದಿಗೆ ಒಂದು ಚೀಟಿಯನ್ನೂ ಅಂಟಿಸಿದ್ದೇನೆ. ಅದರಲ್ಲಿ ಬರೆದದ್ದು: ಮೂರನೇ ಕಂಬದ ಹತ್ತಿರ ನಿಲ್ಲಿ, 9 ಗಂಟೆವರೆಗೆ ನೆರಳಿರುತ್ತದೆ. ಪೈಪಿನ ನಕ್ಷೆ ಮೊದಲ ವಾರವೇ ಕೇಳಿ.