ನಳದ ನೀರು, ಮೀಟರು ಮತ್ತು ಬಿಲ್ಲಿನ ಹಿಂಬದಿ

ಸಭೆಗೆ ಶರಣು.

ವಿಶ್ವ ಜಲ ದಿನಕ್ಕೆ ನಾಲ್ಕು ಮಾತು ಆಡ್ರಿ ಅಂತ ಕರೆದಿದ್ದೀರಿ. ಆದರೆ ಅರ್ಧ ಮಂದಿ ಕೈಯಲ್ಲಿ ನೀರಿನ ಬಿಲ್ಲು ಹಿಡಿದುಕೊಂಡೇ ಕೂತಿರೋದು ಇಲ್ಲಿಂದ ಕಾಣ್ತದ. ಒಳ್ಳೇದೇ ಆಯಿತು. ನದಿ ಪೂಜೆ, ಹನಿ ಹನಿ ಉಳಿಸಿ ಅನ್ನುವ ಭಾಷಣ ಬೇರೆಯವರು ಮಾಡಲಿ, ನಾವು ಬಿಲ್ಲಿನ ಮಾತಾಡೋಣ.

ಈ ಸಭೆಯಲ್ಲಿ ಎರಡು ಪಕ್ಷ ಇವೆ. ಊರಿನ ನಳದ ನೀರು ಸೋಸುವ ಶುದ್ಧೀಕರಣ ಘಟಕ ಹೊಸದಾಗಬೇಕು ಅನ್ನುವವರು, ಬಿಲ್ಲು ಮಾತ್ರ ಹಳೇದೇ ಇರಬೇಕು ಅನ್ನುವವರು. ಬಹಳ ಮಂದಿ ಎರಡೂ ಪಕ್ಷದಲ್ಲಿದ್ದೀರಿ! ನಾನು ನೀರಿನ ಲ್ಯಾಬಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು, ಬಿಲ್ಲು ಕಟ್ಟಬೇಡಿ ಅಂತ ಹೇಳೋದಿಲ್ಲ. ಆ ಕಾಗದ ಸ್ವಲ್ಪ ತಿರುವಿ ನೋಡ್ರಿ. ಹಿಂಬದಿ ಖಾಲಿ ಇದೆ, ಹೌದಲ್ಲ? ಆ ಖಾಲಿ ಜಾಗದಲ್ಲಿ ಆ ತಿಂಗಳ ನೀರಿನ ಪರೀಕ್ಷೆಯ ಫಲಿತಾಂಶ ಅಚ್ಚಾಗಿ ಬರಬೇಕು. ನನ್ನ ಬೇಡಿಕೆ ಇಷ್ಟೇ. ದರ ಏರಿಸುವವರು ಮುಂಬದಿ ತುಂಬುವ ಮೊದಲು ಹಿಂಬದಿ ತುಂಬಲಿ.

ಅಲ್ಲಿ ಏನು ಬರೀಬೇಕು ಅಂತ ಗೊತ್ತಾಗೋಕೆ ಘಟಕದ ಒಳಗೆ ಹೋಗಬೇಕು. ನಮ್ಮ ಊರು ಕಲಬುರಗಿಗೆ ಸರಡಗಿ ಹತ್ತಿರ ಭೀಮಾ ನದಿಯಿಂದ ನೀರು ಬರ್ತದ, ಇತ್ತ ಬೆಣ್ಣೆತೊರಾ ಜಲಾಶಯದಿಂದ ಬರ್ತದ. ಬೇಸಿಗೆಯಲ್ಲಿ ಭೀಮೆ ಬತ್ತಿ, ಮಹಾರಾಷ್ಟ್ರದವರಿಗೆ ಉಜನಿ ಅಣೆಕಟ್ಟಿನಿಂದ ನೀರು ಬಿಡಿ ಅಂತ ಕೇಳಿಕೊಳ್ಳೋದು ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಉಲ್ಟಾ. ಎರೆಮಣ್ಣು ಕೊಚ್ಚಿಕೊಂಡು ಬಂದು ನೀರೆಲ್ಲ ರಾಡಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದು ನೆನಪಿರಬೇಕು. ಎರೆಮಣ್ಣಿನ ಕಣ ಎಷ್ಟು ಸಣ್ಣದು ಅಂದರೆ, ಬಕೆಟ್ಟಿನಲ್ಲಿ ಹಿಡಿದಿಟ್ಟು ಮರುದಿನ ನೋಡಿದರೂ ತಳಕ್ಕೆ ಇಳಿದಿರೋದಿಲ್ಲ. ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಲೇ ಇರುತ್ತವೆ.

ಅದಕ್ಕೇ ಆಲಂ, ಅಂದರೆ ಪಟಿಕ. ಎಷ್ಟು ಹಾಕಬೇಕು ಅನ್ನೋದಕ್ಕೆ ಜಾರ್ ಟೆಸ್ಟ್ ಅಂತ ಮಾಡ್ತೀವಿ. ಸಾಲಾಗಿ ಆರು ಗಾಜಿನ ಬೀಕರು, ಆರರಲ್ಲೂ ಅದೇ ನದಿ ನೀರು, ಆಲಂ ಮಾತ್ರ ಒಂದಕ್ಕಿಂತ ಒಂದರಲ್ಲಿ ಹೆಚ್ಚು. ಮೊದಲು ಒಂದು ನಿಮಿಷ ಜೋರಾಗಿ ತಿರುವಿ, ಆಮೇಲೆ ನಿಧಾನಕ್ಕೆ ತಿರುವಬೇಕು. ಮೊದಲ ಬೀಕರು ಚಹಾದ ಹಾಗೇ ಉಳಿಯುತ್ತದೆ. ಮೂರನೆಯದೋ ನಾಲ್ಕನೆಯದೋ ಬೀಕರಿನಲ್ಲಿ ಸಣ್ಣ ಸಣ್ಣ ಗಂಟು ಕಾಣಿಸಿ, ಒಂದಕ್ಕೊಂದು ಅಂಟಿ, ತಿರುಗೋದು ನಿಂತ ಮೇಲೆ ಮೆಲ್ಲಗೆ ಕೆಳಗೆ ಇಳೀತಾವ. ಆ ದಿನಕ್ಕೆ ಅದೇ ಲೆಕ್ಕ. ಬೆಳಿಗ್ಗೆ ಹಾಕಿದ ಲೆಕ್ಕ ಮಧ್ಯಾಹ್ನ ಹೊಳೆ ಏರಿದರೆ ನಡೆಯೋದಿಲ್ಲ, ಮತ್ತೆ ಮಾಡಬೇಕು. ಮುಂದಿನ ಕೆಲಸ ಮರಳಿನ ಫಿಲ್ಟರಿನದು, ಕೊನೆಗೆ ಕ್ಲೋರಿನ್.

ಘಟಕ ಮೇಲ್ದರ್ಜೆಗೆ ಏರಿಸೋದು ಅಂದರೆ ಏನು? ಗೇಟಿಗೆ ಬಣ್ಣ ಹೊಡೆದು ಕಮಾನು ಕಟ್ಟೋದಲ್ಲ. ಸವೆದು ಗಂಟುಕಟ್ಟಿದ ಮರಳು ಬದಲಿಸೋದು, ಕೆಸರು ಇಳಿಯುವ ತೊಟ್ಟಿಗೆ ಟ್ಯೂಬ್ ಸೆಟ್ಲರ್, ಅಂದರೆ ಕೆಸರು ಬೇಗ ಇಳಿಸುವ ಓರೆ ಕೊಳವೆ, ಕೂಡಿಸೋದು, ಆಲಂ ಮತ್ತು ಕ್ಲೋರಿನ್ ಅಳತೆ ಪ್ರಕಾರ ಬೀಳುವ ಹಾಗೆ ಮಾಡೋದು, ಫಿಲ್ಟರು ತೊಳೆದ ನೀರನ್ನು ಚರಂಡಿಗೆ ಬಿಡದೆ ಮರಳಿ ಬಳಸೋದು. ಇದಕ್ಕೆಲ್ಲ ದುಡ್ಡು ಬೇಕು. ಕರೆಂಟಿಗೂ ಬೇಕು. 1,000 ಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು ಬರೀ ಲೆಕ್ಕದಲ್ಲೇ 0.27 ಯೂನಿಟ್ ಬೇಕು, ಪಂಪು ತಿನ್ನೋದನ್ನ ಸೇರಿಸಿದರೆ 0.4ರ ಹತ್ತಿರ.

ಇನ್ನೊಂದು ಲೆಕ್ಕ. ಓಣಿಯ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತರ್ತೀರಿ. 1,000 ಲೀಟರಿಗೆ 50 ಕ್ಯಾನು, 250 ರೂಪಾಯಿ. ಅಲ್ಲಿ ಚೌಕಾಸಿ ಇಲ್ಲ, ಧರಣಿ ಇಲ್ಲ! ಯಾಕೆ? ಆ ನೀರು ಚೊಕ್ಕ ಅಂತ ನಂಬಿದ್ದೀರಿ. ನಳದ ನೀರಿನ ಮೇಲೆ ಆ ನಂಬಿಕೆ ಇಲ್ಲ. ನಂಬಿಕೆ ಹುಟ್ಟೋದು ಹೇಗೆ? ಬಿಲ್ಲಿನ ಹಿಂಬದಿಯಿಂದ. ಮತ್ತೆ ಅಲ್ಲಿಗೇ ಬಂದೆ, ಕ್ಷಮಿಸಿ, ಇನ್ನೂ ಬರ್ತೀನಿ.

ಈಗ ಮೀಟರು. ಹಳೇ ಊರಿನ ಒಂದು ಓಣಿಯಲ್ಲಿ ಒಬ್ಬ ಆಯಿ ಇದ್ದಳು. ದೂರು ಕೊಟ್ಟಿದ್ದಳು ಅಂತ ನಾನು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಹುಡುಗ ಹೋದೆವು. "ನೀರು ಬರೋದಕ್ಕ ಮೊದಲೇ ಮೀಟರು ಓಡ್ತದ ಯಪ್ಪಾ" ಅಂದಳು. ಹುಡುಗ ನಕ್ಕುಬಿಟ್ಟ. ಆಯಿಗೆ ಸಿಟ್ಟು ಬಂತು. "ನಗಬ್ಯಾಡೋ ತಮ್ಮಾ. ಹೊತ್ತಿಗೆ ನೀರು ಬಿಡತಾರ, ಅಲ್ಲೀತನಕ ಕೂಡು." ಕೂತೆವು. ಚಹಾ ಬಂತು. ನನ್ನ ಊರು ಯಾವುದು, ಮಕ್ಕಳೆಷ್ಟು, ಹಿರಿಯವನ ಲಗ್ನ ಆಯಿತೋ ಇಲ್ಲವೋ, ಎಲ್ಲ ವಿಚಾರಣೆ ಆಯಿತು. ಹುಡುಗನಿಗೆ ಒಂದು ಹೆಣ್ಣೂ ನೋಡಿದಳು, ಚಿತ್ತಾಪುರದ ಕಡೆಯದು. ಅವನು ಅಲ್ಲಿಂದ ನಗೋದು ಬಿಟ್ಟ. ಅಷ್ಟರಲ್ಲಿ ವಾಲ್‌ಮನ್ ವಾಲ್ ತಿರುವಿರಬೇಕು, ನಳದಿಂದ ಸುಂಯ್ ಅಂತ ಸಪ್ಪಳ. ಕೊಡದೊಳಗೆ ಒಂದು ಹನಿ ಇಲ್ಲ. ಮೀಟರಿನೊಳಗಿನ ಸಣ್ಣ ಚಕ್ರ ಮಾತ್ರ ಗಿರಗಿರ ತಿರುಗ್ತಿದೆ! ಆಯಿ ಏನೂ ಅನ್ನಲಿಲ್ಲ, ಹುಡುಗನ ಮುಖ ಒಮ್ಮೆ ನೋಡಿದಳು, ಅಷ್ಟೇ.

ಅದು ಗಾಳಿ. ಮೂರು ದಿನಕ್ಕೋ ನಾಲ್ಕು ದಿನಕ್ಕೋ ನೀರು ಬಿಟ್ಟರೆ ನಡುವೆ ಪೈಪು ಖಾಲಿ ಇರ್ತದ. ನೀರು ನುಗ್ಗಿದಾಗ ಒಳಗಿದ್ದ ಗಾಳಿ ಮೀಟರಿನ ಮೂಲಕವೇ ಹೊರಗೆ ಹೋಗಬೇಕು. ಗಾಳಿಗೂ ಚಕ್ರ ತಿರುಗ್ತದ. ಹಾಗಾಗಿ ಮೀಟರು ಬೇಡ ಅನ್ನುವವರಲ್ಲಿ ಎಲ್ಲರೂ ಬಿಟ್ಟಿ ನೀರಿನ ಆಸೆಯವರಲ್ಲ.

ಖಾಲಿ ಪೈಪಿನ ಇನ್ನೊಂದು ಗುಣ ಇದಕ್ಕಿಂತ ಕೆಟ್ಟದ್ದು. ಒಳಗೆ ಒತ್ತಡ ಇಲ್ಲದಾಗ ಬಿರುಕಿನಿಂದ, ಸಡಿಲಾದ ಜೋಡಣೆಯಿಂದ ಪಕ್ಕದ ಗಟಾರದ ನೀರು ಒಳಗೆ ಸೇರ್ತದ. ಘಟಕದಲ್ಲಿ ಎಷ್ಟೇ ಚೊಕ್ಕ ಮಾಡಿ ಕಳಿಸಿದರೂ ಓಣಿಯಲ್ಲಿ ಕೆಡ್ತದ. 2004ರಲ್ಲಿ ಮಂಜೂರಾದ ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆಗೆ ನಮ್ಮ ಊರಿನ ಕೆಲವು ವಾರ್ಡುಗಳಲ್ಲೂ ದಿನದ 24 ಗಂಟೆ ನೀರು ಕೊಟ್ಟು ತೋರಿಸಿದರು. ಪೈಪು ಸದಾ ತುಂಬಿರೋದರಿಂದ ಗಾಳಿಯೂ ಇಲ್ಲ, ಗಟಾರವೂ ಇಲ್ಲ. ಘಟಕ ಒಂದನ್ನೇ ಹೊಸದು ಮಾಡಿ ಪೈಪು ಹಾಗೇ ಬಿಟ್ಟರೆ ಹಾಕಿದ ದುಡ್ಡು ಅರ್ಧ ದಾರಿಯಲ್ಲೇ ಸೋರಿಹೋಗ್ತದ.

ಅದಕ್ಕೇ ಪರೀಕ್ಷೆ ಘಟಕದ ಗೇಟಿನಲ್ಲಿ ಮಾಡಿದರೆ ಸಾಲದು, ಓಣಿಯ ಕೊನೆ ಮನೆಯ ನಳದಲ್ಲಿ ಮಾಡಬೇಕು. ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ರಾಡಿ 1 ಎನ್‌ಟಿಯು ಒಳಗಿರಬೇಕು (ಎನ್‌ಟಿಯು ಅಂದರೆ ರಾಡಿ ಅಳೆಯುವ ಮಾನ), ಬೇರೆ ನೀರಿನ ಮೂಲವೇ ಇಲ್ಲದಾಗ 5ರವರೆಗೆ ಸರಿ. ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಹಿಂಬದಿಯಲ್ಲಿ ಈ ಎರಡು ಅಂಕಿ, ರೋಗಾಣು ಪರೀಕ್ಷೆಯ ಫಲಿತಾಂಶ, ಯಾವ ಓಣಿ, ಯಾವ ತಾರೀಕು. ನಾಲ್ಕು ಸಾಲು ಸಾಕು. ಬಾಕಿ ಜಾಗದಲ್ಲಿ ಬೇಕಾದರೆ ಸಾಹೇಬರ ಫೋಟೋ ಹಾಕಿಕೊಳ್ಳಲಿ.

ಚೀಟಿ ಬಂತು, ಹತ್ತು ನಿಮಿಷ ಅಂತ. ಸ್ಲ್ಯಾಬಿನ ಮಾತು ಬಿಡೋಕೆ ಆಗೋದಿಲ್ಲ. ಹೆಚ್ಚು ಬಳಸಿದವರಿಗೆ ಹೆಚ್ಚು ದರ, ನ್ಯಾಯವೇ. ಆದರೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವ ಸರಕಾರಿ ಅಳತೆ ಹಿಡಿದರೂ ಐದು ಜನರ ಮನೆಗೆ ತಿಂಗಳಿಗೆ 20,000 ಲೀಟರ್ ದಾಟ್ತದ. ಒಂದೇ ವಾಡೆಯಲ್ಲಿ ನಾಲ್ಕು ಒಲೆ, ನಾಲ್ಕಕ್ಕೂ ಒಂದೇ ಮೀಟರು ಇದ್ದರೆ? ಬಡವರು ಸೇರಿ ಬಂಗಲೆಯವರ ದರ ಕಟ್ಟಿದ ಹಾಗಾಯಿತು. ಮೀಟರಿನ ಹಿಂದೆ ಎಷ್ಟು ಸಂಸಾರ ಇವೆ ಅಂತ ಎಣಿಸಿ ಸ್ಲ್ಯಾಬು ಹಾಕಬೇಕು. ಮನವಿಯಲ್ಲಿ ಇದನ್ನು ಮೊದಲು ಬರೀರಿ.

ಬಿಲ್ಲಿನಲ್ಲಿ ತೋರಿಸಿದ ಹಳೇ ಬಾಕಿ: ಕಟ್ಟಿದ ರಸೀದಿ ಇದ್ದವರು ಝೆರಾಕ್ಸ್ ಜೋಡಿಸಿ ಕೊಡಿ, ಸ್ವೀಕೃತಿಯ ಸಹಿ ತೆಗೆದುಕೊಳ್ಳದೆ ಬರಬೇಡಿ. ಆರ್‌ಒ ಯಂತ್ರದ ಬಗ್ಗೆ ಒಬ್ಬರು ಬರೆದು ಕೊಟ್ಟಿದ್ದಾರೆ. ಬೋರಿನ ಗಡಸು ನೀರಿಗೆ ಇರಲಿ. ನದಿ ನೀರಿಗೆ ಯಾಕೆ ಅನ್ನೋದು ಇನ್ನೊಂದು ಭಾಷಣ. ಕೊಳಚೆ ನೀರಿನ ಶುದ್ಧೀಕರಣ ಬಿಟ್ಟೇ ಹೋಯಿತು, ಇರಲಿ.

ಮನೆಗೆ ಹೋಗಿ ಇದೊಂದು ಮಾಡ್ರಿ. ನಳದಲ್ಲಿ ನೀರು ಇರುವಾಗ ಮನೆಯ ಎಲ್ಲಾ ನಳ, ಸಂಪಿನ ಬಾಯಿ ಸಹಿತ ಬಂದ್ ಮಾಡಿ ಮೀಟರು ನೋಡ್ರಿ. ಸಣ್ಣ ಚಕ್ರ ತಿರುಗ್ತಿದ್ದರೆ ಮೀಟರು ದಾಟಿದ ಮೇಲೆ ನಿಮ್ಮ ಪೈಪೇ ಸೋರ್ತಿರಬಹುದು. ನಿಂತಿದ್ದರೆ 20 ಲೀಟರಿನ ಬಕೆಟ್ಟು ಐದು ಸಲ ತುಂಬಿ, ಮೀಟರು 100 ಲೀಟರ್ ತೋರಿಸ್ತದೋ ಇಲ್ಲವೋ ಬರೆದಿಡಿ. ಕಪ್ಪು ಅಂಕಿ ಸಾವಿರ ಲೀಟರಿನವು, ಕೆಂಪು ಅದಕ್ಕಿಂತ ಸಣ್ಣ ಲೆಕ್ಕದವು. ವ್ಯತ್ಯಾಸ ಬಂದರೆ ತಾರೀಕು ಹಾಕಿ ನಮ್ಮ ಸಮಿತಿಗೆ ಕೊಡಿ, ಎಲ್ಲ ಸೇರಿಸಿ ಒಂದೇ ಮನವಿ ಮಾಡೋಣ. ಈಗ ಬಿಲ್ಲು ತಂದವರು ಎಡಗಡೆ ಮೇಜಿಗೆ ಬರ್ರಿ. ಹೆಣ್ಣುಮಕ್ಕಳು ಮೊದಲು, ನೀರು ತುಂಬೋರು ಅವರೇ.