ಅರವತ್ತು ದಿನದ ಗಡುವು

ಕೇಳುಗರಿಗೆ ನಮಸ್ಕಾರ.

ವಾಷಿಂಗ್ಟನ್ನಿನಲ್ಲಿ ಕರಿಕಲ್ಲಿನ ಒಂದು ಉದ್ದನೆಯ ಗೋಡೆ ಇದೆ. ವಿಯೆಟ್ನಾಂ ಯುದ್ಧದಲ್ಲಿ ಸತ್ತ 58,000ಕ್ಕೂ ಹೆಚ್ಚು ಅಮೆರಿಕನ್ನರ ಹೆಸರು ಅದರ ಮೇಲಿವೆ. ಬಂದವರು ತಮ್ಮವರ ಹೆಸರಿನ ಮೇಲೆ ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ, ಅಚ್ಚು ತೆಗೆದುಕೊಂಡು ಹೋಗುತ್ತಾರೆ. ಆ ಕಲ್ಲು ಹೋದದ್ದು ನಮ್ಮ ಬೆಂಗಳೂರಿನ ಕಡೆಯಿಂದ. ಇನ್ನು ಸತ್ತ ವಿಯೆಟ್ನಾಮಿಗರ ಲೆಕ್ಕ ಲಕ್ಷಗಳಲ್ಲಿದೆ.

ಇಷ್ಟು ಜೀವ ತೆಗೆದ ಆ ಯುದ್ಧವನ್ನು ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ಸಾರಲೇ ಇಲ್ಲ. ಅವರ ಸಂವಿಧಾನದಲ್ಲಿ ಯುದ್ಧ ಸಾರುವ ಅಧಿಕಾರ ಇರುವುದು ಕಾಂಗ್ರೆಸ್ಸಿಗೇ. ಹಾಗಾದರೆ ಏನಾಯಿತು?

1964ರ ಆಗಸ್ಟ್‌ನಲ್ಲಿ, ವಿಯೆಟ್ನಾಂ ಪಕ್ಕದ ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ಎರಡು ಸಲ ದಾಳಿಯಾಯಿತು ಎಂದು ಆಗಿನ ಅಧ್ಯಕ್ಷ ಜಾನ್ಸನ್‌ರ ಸರ್ಕಾರ ಹೇಳಿತು. ಎರಡನೆಯ ದಾಳಿ ನಡೆದೇ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅಧ್ಯಕ್ಷರ ಕೈಗೆ ಪೂರ್ತಿ ಅಧಿಕಾರ ಕೊಡುವ ನಿರ್ಣಯ ಪಾಸಾಗಿತ್ತು. ಕೆಳಮನೆಯಲ್ಲಿ ಪರವಾಗಿ 416 ಮತ, ವಿರುದ್ಧ ಸೊನ್ನೆ. ಮೇಲ್ಮನೆಯಾದ ಸೆನೆಟ್‌ನಲ್ಲಿ 88 ಮತ. ಬೇಡ ಎಂದವರು ಇಬ್ಬರೇ: ಆರೆಗಾನ್‌ನ ವೇಯ್ನ್ ಮೋರ್ಸ್, ಅಲಾಸ್ಕಾದ ಅರ್ನೆಸ್ಟ್ ಗ್ರೂನಿಂಗ್. 1968ರಲ್ಲಿ ಆ ಇಬ್ಬರೂ ಸೀಟು ಕಳೆದುಕೊಂಡರು. ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕಾಂಗ್ರೆಸ್ ಎಚ್ಚೆತ್ತು ಅಧ್ಯಕ್ಷರಿಗೆ ಕಡಿವಾಣ ಹಾಕುವ ಮಸೂದೆ ತಂದದ್ದು 1973ರಲ್ಲಿ. ಸೇನೆಯನ್ನು ಕಾಳಗಕ್ಕೆ ಕಳಿಸಿದರೆ ಅಧ್ಯಕ್ಷರು 48 ಗಂಟೆಯೊಳಗೆ ತಿಳಿಸಬೇಕು. ಕಾಂಗ್ರೆಸ್ ಒಪ್ಪದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು. ಸೈನಿಕರನ್ನು ಸುರಕ್ಷಿತವಾಗಿ ವಾಪಸ್ ಕರೆಸಲು ಬೇಕಿದ್ದರೆ ಇನ್ನೂ 30 ದಿನ. ಆಗಿನ ಅಧ್ಯಕ್ಷ ನಿಕ್ಸನ್ ಈ ಮಸೂದೆಯನ್ನು ತಿರಸ್ಕರಿಸಿದರು. ಅಧ್ಯಕ್ಷರ ತಿರಸ್ಕಾರವನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡು ಮತ ಬೇಕು. ಎರಡೂ ಸದನಗಳು ಮೂರನೇ ಎರಡಕ್ಕಿಂತ ಜಾಸ್ತಿ ಮತ ಹಾಕಿ ಅದನ್ನು ಕಾನೂನು ಮಾಡಿದವು.

ಆದರೆ 2011ರಲ್ಲಿ ಲಿಬಿಯಾದ ಮೇಲೆ ಬಾಂಬ್ ಬೀಳುತ್ತಿದ್ದಾಗ 60 ದಿನ ಸುಮ್ನೆ ದಾಟಿಹೋಯಿತು. ನೆಲದ ಮೇಲೆ ನಮ್ಮ ಸೈನಿಕರಿಲ್ಲ, ಹಾಗಾಗಿ ಇದು ಕಾನೂನು ಹೇಳುವ ಕಾಳಗವಲ್ಲ ಎಂದು ಒಬಾಮಾ ಸರ್ಕಾರ ವಾದಿಸಿತು. ಈ ವಾದ ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಬಾಂಬ್ ಬಿದ್ದ ಮನೆಯವರಿಗೆ ಅದು ಕಾಳಗವೇ ಅಲ್ವಾ?

2019ರಲ್ಲಿ ಯೆಮೆನ್ ಯುದ್ಧಕ್ಕೆ ಅಮೆರಿಕ ಕೊಡುತ್ತಿದ್ದ ನೆರವು ನಿಲ್ಲಿಸಿ ಎಂದು ಎರಡೂ ಸದನಗಳು ಹೇಳಿದವು. ಟ್ರಂಪ್ ತಿರಸ್ಕರಿಸಿದರು. ಸೇನೆ ಕಳಿಸಲು ಅಧ್ಯಕ್ಷರೊಬ್ಬರ ಅಪ್ಪಣೆ ಸಾಕು. ವಾಪಸ್ ಕರೆಸಬೇಕೆಂದರೆ ಮಾತ್ರ ಮೂರನೇ ಎರಡು ಮತ ಬೇಕಾಯಿತು. ನೂರು ಸದಸ್ಯರ ಸೆನೆಟ್‌ನಲ್ಲಿ ಬಂದದ್ದು 53, ಸಾಲಲಿಲ್ಲ.

ನಮಸ್ಕಾರ.